ಹಿಂದಿನ ಬೆಂಚಿನ ಉಕ್ತಲೇಖನ

ಜುಲೈ 4
ಉಕ್ತಲೇಖನ ತಿದ್ದಿ ಮುಗಿಸಿದೆ. ಹಿಂದಿನ ಬೆಂಚಿನ ನಾಲ್ವರದ್ದು ಮತ್ತೆ ಅದೇ ಕಥೆ. ಮೊದಲ ಅರ್ಧ ಸರಿ. ನಾನು ಬೆಂಚುಗಳ ನಡುವೆ ಓಡಾಡಲು ಶುರುಮಾಡಿದ ಮೇಲಿನದೆಲ್ಲ ತಪ್ಪು — ನಾಲ್ವರದ್ದೂ ಒಂದೇ ತಪ್ಪು! ನಾಲ್ವರೂ ಒಂದೇ ವಠಾರದವರು. ಕಾಪಿಗೆ ಮುಖಂಡಳು ಮೌನಗೌರಿಯೇ ಇರಬೇಕು, ಲಾಂಡ್ರಿಯವಳ ಮಗಳು. ನೋಡಲು ಸಾಧು, ಒಳಗೊಳಗೇ ಘಾಟಿ.

ಜುಲೈ 6
ಅವಳನ್ನು ಮೂಲೆಗೆ ಕೂರಿಸಿದೆ, ಒಬ್ಬಳನ್ನೇ. ಅರ್ಧ ಪುಟ ಖಾಲಿ. ಸಿಕ್ಕಿಬಿದ್ದಳು. ಬೈಯುವಾಗಲೂ ತಲೆ ತಗ್ಗಿಸಲಿಲ್ಲ, ನನ್ನ ಬಾಯನ್ನೇ ನೋಡುತ್ತ ನಿಂತಿದ್ದಳು... ಎಷ್ಟು ಕೊಬ್ಬು. ಕಿವಿಯಲ್ಲಿ ಹತ್ತಿ ಬೇರೆ. ಶೀತವಂತೆ. ಶಾಲೆ ಶುರುವಾದಾಗಿನಿಂದಲೂ ಶೀತವೇ? ಏನೋ ಮುಚ್ಚಿಡುತ್ತಿದ್ದಾಳೆ.

ಜುಲೈ 15
ಮಗನಿಗೆ ಕಿವಿನೋವು. ಸಂಜೆಯೇ ಸ್ಪೆಷಲಿಸ್ಟ್ ಹತ್ತಿರ ಓಡಿದೆವು. ಮಧ್ಯಕಿವಿಯಲ್ಲಿ ಸೋಂಕು. ಬೇಗ ಬಂದಿರಿ, ಬಿಟ್ಟಿದ್ದರೆ ಕಿವಿಯ ತಮಟೆ ತೂತಾಗಿ ಕಿವಿ ಸೋರುತ್ತಿತ್ತು, ಕೇಳಿಸುವುದೂ ಕಡಿಮೆಯಾಗುತ್ತಿತ್ತು ಅಂದರು. ಒಂದೇ ಕೋಣೆಯಲ್ಲಿ ಏಳೆಂಟು ಜನ, ಹೊಗೆ, ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಯಿತು — ಅಂಥ ಮನೆಯ ಮಕ್ಕಳಲ್ಲೇ ಹೆಚ್ಚಂತೆ. "ನಿಮ್ಮಂಥವರು ಅಲ್ಲೀವರೆಗೂ ಬಿಡಲ್ಲ ಬಿಡಿ" ಅಂದರು.
ನೆಮ್ಮದಿಯಾಗಬೇಕಿತ್ತು. ಆದರೆ ಮೌನಗೌರಿಯ ಕಿವಿಯ ಹತ್ತಿ ನೆನಪಾಯಿತು.

ಜುಲೈ 17
ಲಾಂಡ್ರಿಗೆ ಹೋದೆ. ಒಳಗೆಲ್ಲ ಹಬೆ. ಮೌನಗೌರಿಯ ತಾಯಿ ಹೋಟೆಲಿನ ಚಾದರಗಳನ್ನು ಮಡಿಸುತ್ತಿದ್ದಳು. ಮಗಳಿಗೆ ಕಿವಿ ಸೋರುತ್ತದೆಯೇ ಎಂದು ಕೇಳಿದೆ. ಇಲ್ಲವೇ ಇಲ್ಲ ಅಂದಳು. ಸುಳ್ಳು, ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಾನು ಅಲ್ಲಾಡಲಿಲ್ಲ. ಕೊನೆಗೆ ದನಿ ತಗ್ಗಿಸಿದಳು.
"ಸೋರುತ್ತೆ ಅಂದ್ರೆ ವಾಸನೆ ಬರುತ್ತೆ ಅಂತ ಮನೆಗೆ ಕಳಿಸ್ತೀರಿ ಮೇಡಂ. ಹೋದ ವರ್ಷ ಕಳಿಸಿದ್ರಲ್ಲ. ಅವಳನ್ನ ನೋಡ್ಕೊಳ್ತಾ ಕೂತ್ರೆ ನನ್ನ ಕೆಲಸ ಹೋಗುತ್ತೆ. ನಮ್ಮ ವಠಾರದಲ್ಲಿ ಎಲ್ಲಾರೂ ಶೀತ ಅಂತಾನೇ ಹೇಳೋದು."
ಎಲ್ಲಾರೂ ಅಂದರೆ?
ಮನೆಗೆ ಬಂದರೂ ಅದೇ ತಲೆಯಲ್ಲಿ ಕೊರೆಯುತ್ತಿದೆ. ಆ ನಾಲ್ವರನ್ನು ಹಿಂದೆ ಕೂರಿಸಿದ್ದು ಯಾಕೆ? ಮುಂದಿನ ಬೆಂಚಿನವರ ಅಪ್ಪ ಅಮ್ಮಂದಿರು ಕೇಳಿಕೊಂಡಿದ್ದರಂತೆ. ನಾನು ಕಾರಣ ವಿಚಾರಿಸಲೇ ಇಲ್ಲ.

ಜುಲೈ 18
ಮೌನಗೌರಿಯನ್ನು ಅವಳ ಜಾಗಕ್ಕೇ ಕಳಿಸಿದೆ. ಇವತ್ತು ಓಡಾಡಲಿಲ್ಲ. ಎದುರಿಗೆ ನಿಂತು, ಪುಸ್ತಕದಿಂದ ಬಾಯಿ ಮುಚ್ಚಿಕೊಂಡು, ಎಂದಿನ ದನಿಯಲ್ಲೇ ಪೆನ್ಸಿಲ್ ಕೆಳಗಿಡಿ ಅಂದೆ. ಮುಂದಿನವರೆಲ್ಲ ಟಕಟಕ ಇಟ್ಟರು.
ಹಿಂದಿನ ಬೆಂಚಿನಲ್ಲಿ ನಾಲ್ಕು ಪೆನ್ಸಿಲ್ ಹಾಗೇ ನಿಂತಿದ್ದವು.
ಪುಸ್ತಕ ಇಳಿಸಿದೆ. ನಾಲ್ವರೂ ನನ್ನ ಬಾಯನ್ನೇ ನೋಡುತ್ತ ಕಾಯುತ್ತಿದ್ದರು. ಬಾಯಿ ಕಾಣುವಂತೆ ಅದೇ ಮಾತನ್ನು ಅದೇ ದನಿಯಲ್ಲಿ ಮತ್ತೆ ಅಂದೆ, ನಾಲ್ಕೂ ಪೆನ್ಸಿಲ್ ಕೆಳಗಿಳಿದವು.