ಅವಧಿಯೊಳಗೆ ಕುಸಿಯದ ಗುಡ್ಡದ ಪರವಾಗಿ

ಪ್ರಾದೇಶಿಕ ಅಭಿವೃದ್ಧಿ ಸಂಶೋಧನಾ ಅನುದಾನ ಮಂಡಳಿಯ ಅಧ್ಯಕ್ಷರಾದ ಮಾನ್ಯರೇ,

ನಮ್ಮ ಗುಡ್ಡ ಇನ್ನೂ ಕುಸಿದಿಲ್ಲ, ಕ್ಷಮಿಸಿ. ತಾವು ಮಂಜೂರು ಮಾಡಿದ ಮೂರು ವರ್ಷಗಳ ಒಳಗೇ ಕುಸಿದು ಮುಗಿಸಬೇಕೆಂಬ ಶಿಸ್ತು ಅದಕ್ಕಿರಲಿಲ್ಲ. ಗುಡ್ಡ ತಾನೇ? ಓದು ಬರಹವಿಲ್ಲ, ತಮ್ಮ ಮಾರ್ಗಸೂಚಿಯನ್ನು ಅದಕ್ಕೆ ಯಾರು ಓದಿ ಹೇಳಬೇಕು? ಈ ಅಪರಾಧಕ್ಕಾಗಿ ತಾವು ನನ್ನ ಸಂಶೋಧನೆಯನ್ನು ನಿಲ್ಲಿಸಿದಿರಿ. ಅದರ ಫಲವಾಗಿ ಈಗ ನನ್ನ ಅಕ್ಕನೂ ಅವಳ ಬೀದಿಯ ನಲವತ್ತು ಮನೆಯವರೂ ಆ ಗುಡ್ಡದ ಬುಡದಲ್ಲಿ ನೆಮ್ಮದಿಯಾಗಿದ್ದಾರೆ. ನನ್ನ ದೂರು ಇರುವುದು ಆ ನೆಮ್ಮದಿಯ ಮೇಲೆ.

ನಾನು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಹೇಳಿಕೊಡುವವನು. ಊರಿನ ಅಂಚಿನ ಆ ಗುಡ್ಡವನ್ನು ಒಂದು ಮಗ್ಗುಲಿನಿಂದ ಕಲ್ಲು ಕ್ವಾರಿ ತಿಂದುಬಿಟ್ಟಿದೆ. ಇನ್ನೊಂದು ಮಗ್ಗುಲಿಗೆ ಗ್ಯಾರೇಜುಗಳ ಬೀದಿಯೊಂದು ಬೆನ್ನು ಕೊಟ್ಟು ಕುಳಿತಿದೆ; ಅಕ್ಕನ ಮನೆ ಇರುವುದು ಅಲ್ಲೇ. ತಮ್ಮ ಅನುದಾನದಿಂದ ನಾನೂ ನನ್ನ ಇಬ್ಬರು ವಿದ್ಯಾರ್ಥಿನಿಯರೂ ಆ ಇಳಿಜಾರಿನಲ್ಲಿ ಇಪ್ಪತ್ತನಾಲ್ಕು ಉಕ್ಕಿನ ಕಂಬಿಗಳನ್ನು ನೆಟ್ಟೆವು. ಕಂಬಿ ಎಷ್ಟು ವಾಲಿತು, ಎಷ್ಟು ಸರಿಯಿತು ಎಂದು ವಾರಕ್ಕೊಮ್ಮೆ ಅಳತೆ. ಮೊದಲ ವರ್ಷ ಗುಡ್ಡ ಒಂದು ಬೆರಳಿನಗಲ ಸರಿಯಿತು. ಎರಡನೆಯ ವರ್ಷ ಎರಡು ಬೆರಳು. ಕಳೆದ ಮಳೆಗಾಲ ಒಂದರಲ್ಲೇ ಅಂಗೈಯಗಲ. ನನ್ನ ಮಾತು ನಂಬಿ ಮೂರು ಸಂಸಾರಗಳು ಊರಿನ ಇನ್ನೊಂದು ತುದಿಗೆ ಬಾಡಿಗೆ ಮನೆ ಹಿಡಿದು ಹೋದವು. ಮಿಕ್ಕವರೂ ಮನಸ್ಸು ಮಾಡುತ್ತಿದ್ದರು.

ಅಷ್ಟರಲ್ಲಿ ಅವಧಿ ಮುಗಿಯಿತು. ವಿಸ್ತರಣೆ ಕೇಳಲು ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. (ತಾವು ಸಭೆಯಲ್ಲಿರುವುದೂ ಒಂದು ಭೂವೈಜ್ಞಾನಿಕ ಸ್ಥಿತಿಯೇ; ಯುಗ ಕಳೆದರೂ ಬದಲಾಗುವುದಿಲ್ಲ.) ತಮ್ಮ ಶಾಖಾಧಿಕಾರಿಗಳು ಕಡತ ಬಿಚ್ಚಿದರು.

“ಅರ್ಜೀಲಿ ನೀವೇ ಬರ್ದಿದೀರಲ್ಲ ಮೇಷ್ಟ್ರೇ, ಗುಡ್ಡ ಜಾರುವ ಸಾಧ್ಯತೆ ಅಂತ. ಜಾರ್ತಾ?”

“ಇನ್ನೂ ಇಲ್ಲ.”

“ಮತ್ತೆ? ಮೂರು ವರ್ಷ ಆಯ್ತು, ಫಲಿತಾಂಶದ ಕಾಲಂ ಖಾಲಿ ಹೊಡೀತಿದೆ. ನಾನೇನ್ ತುಂಬ್ಲಿ ಅದ್ರಲ್ಲಿ?”

“ಜಾರಿದ್ಮೇಲೆ ತುಂಬೋಣ ಅಂದ್ರೆ ಅಲ್ಲಿ ಜನ ಇರಲ್ಲ ಸಾರ್.”

“ಅಯ್ಯೋ, ಅದು ವಿಪತ್ತಿನವರ ಕಾಲಂ. ನಮ್ದು ಅಭಿವೃದ್ಧಿ!”

ಗುಡ್ಡ ಜಾರುತ್ತಿತ್ತು, ತಾವು ಜಾರಿಕೊಂಡಿರಿ, ಆದೇಶ ಮಾತ್ರ ಅದೇ ವಾರ ಜಾರಿಯಾಯಿತು: ಯೋಜನೆ ಮುಕ್ತಾಯ, ಅನುದಾನದಲ್ಲಿ ಕೊಂಡ ಉಪಕರಣಗಳೆಲ್ಲ ಹದಿನೈದು ದಿನದೊಳಗೆ ಉಗ್ರಾಣಕ್ಕೆ, ತಪ್ಪಿದರೆ ಮುಂದಿನ ಸುತ್ತಿನಲ್ಲಿ ಈ ವಿಶ್ವವಿದ್ಯಾಲಯದ ಯಾವ ಅಧ್ಯಾಪಕರಿಗೂ ಅನುದಾನವಿಲ್ಲ. ನನ್ನ ಪಕ್ಕದ ಕೋಣೆಯ ಸಹೋದ್ಯೋಗಿ ಬಡವರ ಕೈಗೆಟುಕುವ ಕೃತಕ ಕಾಲು ಮಾಡುತ್ತಿದ್ದಾರೆ. ನನ್ನ ಹಟಕ್ಕೆ ಅವರ ಕೆಲಸಕ್ಕೆ ಕಲ್ಲು ಹಾಕಲೇ? ಕಿತ್ತೆ, ಮಾನ್ಯರೇ. ಇಪ್ಪತ್ತನಾಲ್ಕನ್ನೂ ನನ್ನ ಕೈಯಾರೆ ಕಿತ್ತೆ. ಉಗ್ರಾಣದವರು ಒಂದೊಂದನ್ನೂ ತಿರುಗಿಸಿ ನೋಡಿ, “ಇದ್ಯಾಕ್ರೀ ಸೊಟ್ಟ ಆಗಿದೆ?” ಎಂದರು. “ಗುಡ್ಡ ಬಗ್ಗಿಸಿದ್ದು” ಎಂದೆ. ‘ದುರ್ಬಳಕೆಯಿಂದ ಹಾನಿ’ ಎಂದು ಬರೆದುಕೊಂಡರು. ಆ ಗುಡ್ಡ ಸರಿಯುತ್ತಿದೆ ಎಂಬುದಕ್ಕೆ ಸರ್ಕಾರಿ ದಾಖಲೆಯಲ್ಲಿ ಉಳಿದಿರುವ ಸಾಕ್ಷಿ ಅದೊಂದೇ.

ಆದರೆ ಕಂಬಿ ಕೀಳುವುದೂ ಒಂದು ಸುದ್ದಿ ಎಂಬುದು ತಮಗೂ ಹೊಳೆಯಲಿಲ್ಲ, ಓದಿದ ನನಗೂ ಹೊಳೆಯಲಿಲ್ಲ. ನಾನು ಹಾರೆ ಹಾಕಿ ಮೀಟುತ್ತಿದ್ದಾಗ ಅಕ್ಕ ಹೊಲಿಗೆ ಯಂತ್ರ ಬಿಟ್ಟು, ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಹತ್ತಿ ಬಂದಳು.

“ಏನೋ, ಕಂಬಿ ಕೀಳ್ತಿದೀಯಾ! ಗುಡ್ಡ ವಾಸಿ ಆಯ್ತಾ?”

“ಇಲ್ಲಕ್ಕಾ, ದುಡ್ಡು ನಿಲ್ಲಿಸಿಬಿಟ್ರು.”

“ಸುಮ್ನಿರೋ. ಕಾಯಿಲೆ ವಾಸಿ ಆಗ್ದೆ ಯಾವ ಡಾಕ್ಟ್ರಾದ್ರೂ ಡ್ರಿಪ್ ಕೀಳ್ತಾರಾ? ಒಳ್ಳೇ ಸುದ್ದಿ ಹೇಳೋಕೂ ಮುಖ ಗಂಟು ಹಾಕ್ಕೋತೀಯಲ್ಲ, ಥೂ!”

ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಬಿಟ್ಟು ಹೋಗಿದ್ದ ಮೂರೂ ಸಂಸಾರಗಳು ಮರುವಾರ ಒಂದೇ ಲಾರಿಯಲ್ಲಿ ಪಾತ್ರೆ ಪಗಡ ಹೇರಿಕೊಂಡು ಹಿಂದಿರುಗಿದವು. ಲಾರಿ ರಿಪೇರಿ ಮಾಡುವ ನನ್ನ ಭಾವನವರಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಗ್ಯಾರೇಜಿಗೆ ಜಾಗ ಸಾಲದೆಂದು ಹಿತ್ತಲಿನಲ್ಲಿ ಗುಡ್ಡದ ಬುಡವನ್ನೇ ಅಗೆಸಲು ಶುರುಮಾಡಿದ್ದಾರೆ. ಹೊರಲಾರದೆ ನಿಂತವನ ಕಾಲನ್ನೇ ಕಡಿದ ಹಾಗೆ.

“ಭಾವ, ನಿಮ್ ಕಾಲಿಗೆ ಬೀಳ್ತೀನಿ, ಅಲ್ಲಿ ಅಗೀಬೇಡಿ.”

“ನೀನು ಬಿದ್ರೆ ಬೀಳು, ಗುಡ್ಡ ಬೀಳಲ್ಲ. ಅಲ್ಲಯ್ಯಾ, ನಿನ್ ಬಾಯಲ್ಲಿ ಹೇಳೋದನ್ನ ನಂಬ್ಲಾ, ನಿನ್ ಕೈಯಲ್ಲಿ ಮಾಡಿದ್ದನ್ನ ನಂಬ್ಲಾ?”

ಇದಕ್ಕೆ ತಮ್ಮಲ್ಲಿ ಉತ್ತರವಿದ್ದರೆ ತಿಳಿಸಿ. ಪುರಸಭೆಗೆ ಹೋದೆ. ಈ ತಿಂಗಳ ಅಳತೆ ಎಲ್ಲಿ ಎಂದರು. ಹಳೆಯ ಅಳತೆ ತೋರಿಸಿದೆ. ಮುಕ್ತಾಯಗೊಂಡ ಯೋಜನೆಯ ಅಂಕಿ ಅಂಶ ಚಲಾವಣೆಯಲ್ಲಿಲ್ಲ ಎಂದರು. ಅಂಕಿಗಳೂ ಹರಿದ ನೋಟಿನಂತೆ ಎಂದು ನನಗೆ ಗೊತ್ತಿರಲಿಲ್ಲ. ಮನೆ ಮನೆಗೆ ಹೋಗಿ ಕೈಮುಗಿದೆ. ಕುರ್ಚಿ ಹಾಕಿ, ಕಾಫಿ ಕೊಟ್ಟು, ಮೇಷ್ಟ್ರಿಗೆ ಯಾಕೋ ರಜೆ ಬೇಕಾಗಿದೆ ಎಂದು ಪರಸ್ಪರ ಕಣ್ಣಲ್ಲೇ ಮಾತಾಡಿಕೊಂಡರು. ನಗಿಸುವುದು ನನ್ನ ಚಾಳಿ, ಮಾನ್ಯರೇ. ಮೂರು ವರ್ಷ ಆ ಜನರನ್ನು ನಗಿಸಿ ನಗಿಸಿಯೇ ಅವರ ಹಿತ್ತಲಿನಲ್ಲಿ ಕಂಬಿ ನೆಟ್ಟಿದ್ದೆ. ಈಗ ಅಳುತ್ತಾ ಹೇಳಿದರೂ ತಮಾಷೆ ಎನ್ನುತ್ತಾರೆ.

ಒಂದು ಪ್ರದೇಶ ಅಭಿವೃದ್ಧಿಯಾಗಬೇಕಾದರೆ ಆ ಪ್ರದೇಶ ಮೊದಲು ಇದ್ದ ಜಾಗದಲ್ಲಿ ಇರಬೇಕಲ್ಲವೇ? ನಲವತ್ತು ಮನೆ ಹೊಸದಾಗಿ ಕಟ್ಟಿದರೆ ಸಾಧನೆ, ನಲವತ್ತು ಮನೆಯವರು ಬದುಕುಳಿದರೆ ಸಾಧನೆಯಲ್ಲವೇ?

ಮಳೆಗೆ ಇನ್ನು ಹದಿನೆಂಟು ದಿನವಿದೆ. ನನಗೆ ಅನುದಾನ ಬೇಡ, ಅದನ್ನು ತಾವೇ ಜೋಪಾನವಾಗಿ ಇಟ್ಟುಕೊಳ್ಳಿ. ತಮ್ಮ ಲಾಂಛನವಿರುವ ಕಾಗದದಲ್ಲಿ, ದುಂಡು ಮೊಹರು ಒತ್ತಿ, ಎರಡೇ ವಾಕ್ಯ ಬರೆದುಕೊಡಿ: “ಕಂಬಿ ಕೀಳಿಸಿದವರು ನಾವು. ಗುಡ್ಡ ಇನ್ನೂ ಸರಿಯುತ್ತಿದೆ.” ನನ್ನನ್ನು ನಂಬದವರು ಮೊಹರನ್ನು ನಂಬುತ್ತಾರೆ. ಅಗೆತ ನಿಲ್ಲುತ್ತದೆ, ಲಾರಿ ಮತ್ತೆ ಬರುತ್ತದೆ, ಅಕ್ಕ ಬೈದುಕೊಂಡಾದರೂ ಹೊರಡುತ್ತಾಳೆ. ಅಂಚೆಯಲ್ಲಿ ಹಾಕುವುದಾದರೆ ವಿಶ್ವವಿದ್ಯಾಲಯದ ವಿಳಾಸಕ್ಕೆ ಬೇಡ. ಅವಳು ಅಲ್ಲಿಂದ ಏಳದ ಮೇಲೆ ನಾನೊಬ್ಬ ದೂರದಲ್ಲಿದ್ದು ಮಾಡುವುದೇನು? ನಿನ್ನೆಯಿಂದ ಅವಳ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ, ಗುಡ್ಡಕ್ಕೆ ತಾಗಿದ ಗೋಡೆಯ ಪಕ್ಕ. ಅಲ್ಲಿಗೇ ಕಳಿಸಿ.

ಇಂತಿ,
ಜೀವಮಾನದಲ್ಲಿ ಮೊದಲ ಬಾರಿಗೆ ತನ್ನ ಲೆಕ್ಕ ತಪ್ಪಿರಲಿ ಎಂದು ಹಾರೈಸುತ್ತಿರುವ
ಭೂವಿಜ್ಞಾನದ ಮೇಷ್ಟ್ರು