ನಿರುಪಮಾಳ ಕೋಣೆಯಲ್ಲಿ ತೆಂಗಿನ ಮರ

ಮಾರ್ಗನ್ ಹಿಲ್, ಕ್ಯಾಲಿಫೋರ್ನಿಯಾ
೨೬ ಫೆಬ್ರವರಿ ೧೯೮೯

ಪ್ರೀತಿಯ ಸ್ನೇಹಲತಾ,

ನಿನ್ನ ದೀಪಾವಳಿಯ ಕಾಗದಕ್ಕೆ ಶಿವರಾತ್ರಿ ಹತ್ತಿರ ಬಂದಾಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಾದರೆ ಪೂರ್ತಿ ಓದಿದ ಮೇಲೆ ಬೈ. ಇಲ್ಲಿ ನಾವೆಲ್ಲ ಕ್ಷೇಮ ಎಂಬ ಸಾಲನ್ನು ಈ ಸಲ ನೀನೇ ಬರೆದುಕೋ, ನನಗೆ ಕೈ ಬರುತ್ತಿಲ್ಲ. ನಿನ್ನ ಮಂಡಿನೋವು ಹೇಗಿದೆ? ಮೈಥಿಲಿಗೆ ಗಂಡು ನೋಡುವುದು ಎಲ್ಲಿಗೆ ಬಂತು? ಅವಳು ಒಲ್ಲೆ ಎಂದರೆ ಒತ್ತಾಯ ಮಾಡಬೇಡ ಮಾರಾಯ್ತಿ.

"ಜಯಕರ ಭಾವ ಸೂಟ್‌ಕೇಸಿನಲ್ಲಿ ಅಡಗಿಸಿ ಕೊಂಡೊಯ್ದ ತೆಂಗು ಎಷ್ಟು ಎತ್ತರವಾಯಿತು?" ಎಂದು ಕೇಳಿದ್ದೀಯಲ್ಲ, ಅದರ ಸುದ್ದಿಯೇ ಇವತ್ತಿನ ಸುದ್ದಿ.

ಕಾಪುವಿನ ಅತ್ತೆಯ ಹಿತ್ತಲಿನ ಆ ಮೊಳಕೆ ಕಾಯಿಯನ್ನು ನನ್ನ ಸೀರೆಗಳ ನಡುವೆ ಇಟ್ಟು ತಂದದ್ದು ನಿನಗೆ ನೆನಪಿದೆ. ಸ್ಯಾನ್ ಹೋಸೆಯ ರಸ್ತೆಗಳ ಪಕ್ಕದಲ್ಲಿ ಸಾಲುಸಾಲು ತಾಳೆಮರಗಳಿವೆ. ನಮ್ಮ ಇವರಿಗೆ ಅವು ಕಣ್ಣಿಗೇ ಬೀಳುವುದಿಲ್ಲ. "ಕಾಯಿ ಬಿಡದ್ದು ಮರವಾ?" ಎನ್ನುತ್ತಾರೆ. ಆದರೆ ತೆಂಗಿಗೆ ಇಲ್ಲಿಯ ಚಳಿ ಆಗುವುದಿಲ್ಲ. ಡಿಸೆಂಬರ್ ಬಂತೆಂದರೆ ನಮ್ಮ ಹಿತ್ತಲಿನ ಹುಲ್ಲಿನ ಮೇಲೆ ಬೆಳಿಗ್ಗೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಅದಕ್ಕೆ ಇವರು ಮರವನ್ನು ದೊಡ್ಡ ಬ್ಯಾರೆಲ್ಲಿನಲ್ಲಿ ನೆಟ್ಟು, ಕೆಳಗೆ ಚಕ್ರ ಹಾಕಿದರು. ಬೇಸಿಗೆಯಲ್ಲಿ ಹೊರಗೆ, ಚಳಿಗೆ ಒಳಗೆ. ಒಳಗೆ ಎಂದರೆ ಎಲ್ಲಿ ಗೊತ್ತೇ? ನಿರುಪಮಾಳ ಕೋಣೆಯಲ್ಲಿ.

ಮಗಳು ಎರಡು ವರ್ಷದ ಹಿಂದೆ ರಾಮೋನ್‌ನನ್ನು ಕೋರ್ಟಿನಲ್ಲಿ ಮದುವೆಯಾಗಿ ಕ್ಯಾಂಪ್‌ಬೆಲ್‌ಗೆ ಹೋದಳಲ್ಲ, ಆ ಚಳಿಗಾಲದಲ್ಲೇ ಅವಳ ಮಂಚ ಗ್ಯಾರೇಜಿಗೆ ಹೋಯಿತು, ಮರ ಕೋಣೆಗೆ ಬಂತು. ಅದಕ್ಕೊಂದು ಹೀಟರು, ಗಾಳಿಗೆ ತೇವ ಕೊಡುವ ಇನ್ನೊಂದು ಯಂತ್ರ, ಹಗಲಿಡೀ ಉರಿಯುವ ದೀಪಗಳು. ಆಫೀಸಿನಿಂದ ಬಂದವರು ಶೂ ಬಿಚ್ಚುವ ಮೊದಲು ಹೋಗಿ ಗರಿಗಳ ಧೂಳು ಒರೆಸುತ್ತಿದ್ದರು. ಪ್ರತಿ ಅಮಾವಾಸ್ಯೆಗೆ ಬುಡಕ್ಕೆ ಒಂದು ಹಿಡಿ ಕಲ್ಲುಪ್ಪು. "ಅಮ್ಮ ಹಾಕ್ತಿದ್ರು, ಹಾಗಾಗಿ ಹಾಕುವುದು" ಎನ್ನುತ್ತಿದ್ದರು. ಮಗಳ ಫೋನು ಬಂದರೆ ಮಾತ್ರ ರಿಸೀವರನ್ನು ನನ್ನ ಕೈಗಿಟ್ಟು ಎದ್ದು ಹೋಗುವುದು. ನನಗೆ ಆ ಮರದ ಮೇಲೆ ಹೊಟ್ಟೆಕಿಚ್ಚಿತ್ತು ಸ್ನೇಹಾ. ಮರದ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸು ಇಡೀ ಕ್ಯಾಲಿಫೋರ್ನಿಯಾದಲ್ಲಿ ನಾನೊಬ್ಬಳೇ ಇರಬೇಕು.

ನಿರುಪಮಾ ಈಗ ತುಂಬಿದ ಬಸುರಿ. ಮಾರ್ಚಿ ನಡುವಿಗೆ ದಿನ. ಡಿಸೆಂಬರಿನಲ್ಲಿ ಫೋನ್ ಮಾಡಿ, "ಅಮ್ಮ, ಫಸ್ಟ್ ಬೇಬಿ ತಾಯಿ ಮನೇಲಿ ಅಲ್ವಾ? ನಾನು ಬರ್ಲಾ?" ಎಂದು ಕೇಳಿದಳು. ಅಮೆರಿಕದಲ್ಲಿ ಬೆಳೆದ ಹುಡುಗಿ, ಇದೊಂದನ್ನು ನೆನಪಿಟ್ಟುಕೊಂಡು ಕೇಳಿದ್ದಾಳೆ! ನಾನು ಅಳುತ್ತಲೇ ಇವರಿಗೆ ಹೇಳಿದೆ. ಬೇಡ ಎನ್ನಲಿಲ್ಲ. "ಮರ ಉಂಟಲ್ಲ ಕೋಣೆಯಲ್ಲಿ. ಚಳಿ ಕಳೀಲಿ, ನೋಡುವ" ಎಂದರು. ನನಗೆ ಅಷ್ಟೇ ಸಾಕಾಯಿತು. ಮೆಂತ್ಯ, ಓಮ, ಒಣಶುಂಠಿ ಎಲ್ಲ ಫ್ರೀಮಾಂಟಿನ ಅಂಗಡಿಯಿಂದ ತಂದಿಟ್ಟೆ.

ಜನವರಿಯ ಒಂದು ಭಾನುವಾರ ಮಗಳು ಕೋಣೆ ನೋಡಲು ಬಂದಳು. ಒಳಗೆ ನಮ್ಮೂರಿನ ಮೇ ತಿಂಗಳ ಸೆಕೆ. ಬಸುರಿ ಪಾಪ, ಬಾಗಿಲು ದಾಟಿದವಳೇ ಬೆವರಿ, "ಐ ಕಾಂಟ್ ಬ್ರೀದ್, ಅಮ್ಮ" ಎಂದು ಕಿಟಕಿ ತೆರೆದಳು. ಸ್ವಲ್ಪ ಹೊತ್ತು, ಅಷ್ಟೇ. ಇವರು ಬಾಗಿಲಲ್ಲಿ ನಿಂತು ನೋಡಿದರು.

ಮರುವಾರ ಮರದ ಸುಳಿ ಇವರ ಕೈಗೆ ಕಿತ್ತು ಬಂತು, ಕೊಳೆತ ವಾಸನೆಯೊಂದಿಗೆ. ಸುಳಿ ಹೋದ ಮೇಲೆ ತೆಂಗು ಉಳಿಯುವುದಿಲ್ಲ ಎಂದು ನಮ್ಮೂರಿನವರಿಗೆ ಹೇಳಿಕೊಡಬೇಕಿಲ್ಲ. ಇವರು ಸೀದಾ ಹೋಗಿ ಫೋನ್ ತಿರುಗಿಸಿದರು. ಎರಡು ವರ್ಷದಲ್ಲಿ ಮಗಳೊಂದಿಗೆ ಆಡಿದ ಮೊದಲ ಮಾತು: "ನಿನ್ನ ಕಿಟಕಿ ನನ್ನ ಮರ ಕೊಂದಿತು." ಫೋನ್ ಇಟ್ಟುಬಿಟ್ಟರು.

ಮಗಳು ಆಮೇಲೆ ನನ್ನೊಡನೆ ಅತ್ತಳು. "ಇಟ್ಸ್ ಓಕೆ ಅಮ್ಮ, ನಾನು ಬರಲ್ಲ, ರಾಮೋನ್ ಮದರ್ ನೋಡ್ಕೊತಾರೆ" ಎಂದಳು. ನನ್ನ ಮಗಳ ಬಾಣಂತನವನ್ನು ಇನ್ನೊಬ್ಬಳು ಮಾಡುತ್ತಾಳೆ. ಒಳ್ಳೆಯವಳಂತೆ. ಅವಳು ಒಳ್ಳೆಯವಳಾಗಿರುವುದೂ ನನಗೆ ಉರಿಯುತ್ತದೆ. ಆಮೇಲೆ ಮಗಳು ಅಪ್ಪನಿಗೆಂದು ನರ್ಸರಿಯಿಂದ ಒಂದು ಪುಟ್ಟ ತಾಳೆಗಿಡ ಕಳಿಸಿದಳು, ಹಿಮ ಬಿದ್ದರೂ ಬದುಕುವ ಜಾತಿಯಂತೆ. ಇವರು ಬಿಚ್ಚದೆ ಹಿತ್ತಲಲ್ಲಿ ಇಟ್ಟರು. ಈ ತಿಂಗಳ ಕೆಟ್ಟ ಚಳಿಯೆಲ್ಲ ಅದರ ಮೇಲೆಯೇ ಹೋಯಿತು. ಅದಕ್ಕೇನೂ ಆಗಿಲ್ಲ.

ಈಗ ಕೇಳು. ಮೊನ್ನೆ ಕೋಣೆ ಗುಡಿಸುವಾಗ ಬ್ಯಾರೆಲ್ಲಿನ ಅಂಚಿನಲ್ಲಿ ಬಿಳಿ ಪೊರೆ ಕಂಡಿತು. ಬೆರಳಿಗೆ ತೆಗೆದು ನಾಲಿಗೆಗೆ ಇಟ್ಟೆ. ಉಪ್ಪು! ಕಾಪುವಿನಲ್ಲಿ ಅತ್ತೆ ಹಾಕಿದ ಉಪ್ಪನ್ನು ಮಳೆಗಾಲ ತೊಳೆದು ಸಮುದ್ರಕ್ಕೆ ಕೊಂಡೊಯ್ಯುತ್ತಿತ್ತು. ಬ್ಯಾರೆಲ್ಲಿನಲ್ಲಿ ಅದು ಎಲ್ಲಿಗೆ ಹೋಗಬೇಕು? ಅಮಾವಾಸ್ಯೆ ಅಮಾವಾಸ್ಯೆಗೆ ಪ್ರೀತಿಯಿಂದ ಉಪ್ಪಿಕ್ಕಿ ಇವರೇ ಅದನ್ನು ಕೊಂದಿದ್ದಾರೆ.

ಇವತ್ತು ಹೇಳುವವಳಿದ್ದೇನೆ. ಹಟದ ಮನುಷ್ಯ ಹೌದು, ಆದರೆ ಲೆಕ್ಕ ತಪ್ಪಿದೆ ಎಂದು ಕಂಡರೆ ಒಪ್ಪುವ ಎಂಜಿನಿಯರು. ಬ್ಯಾರೆಲ್ಲು ಹೊರಗೆ ಹೋಗಿ ಕೋಣೆಯೂ ಖಾಲಿಯಾಗಿದೆ. ಒಂದು ಫೋನ್ ಮಾಡಿದರೆ ಮಗಳು ಓಡಿ ಬರುತ್ತಾಳೆ. ಅವಳ ಮಂಚ ಒರೆಸಿ ಇಟ್ಟಿದ್ದೇನೆ.

ನಿನ್ನ ಮನೆಯಲ್ಲಿ ಎಲ್ಲರಿಗೂ ಒಳ್ಳೆಯದಾಗಲಿ. ಮೈಥಿಲಿ ಒಪ್ಪಿದವನೇ ಸಿಗಲಿ, ಅವಳ ಮೊದಲ ಮಗು ನಿನ್ನ ಮಡಿಲಲ್ಲೇ ಕಣ್ಣು ಬಿಡಲಿ.

ನಿನ್ನ,
ಸರೋಜಿನಿ

ತಾ.ಕ. ಲಕೋಟೆ ಅಂಟಿಸುವ ಮೊದಲು ಹೇಳಿಬಿಟ್ಟೆ. ಇವರು ಹಿತ್ತಲಲ್ಲಿ ಬ್ಯಾರೆಲ್ಲಿನ ಮಣ್ಣು ತೆಗೆಯುತ್ತಿದ್ದರು. "ಮರ ಸತ್ತದ್ದು ಉಪ್ಪಿನಿಂದ. ನಾಲಿಗೆಗೆ ಇಟ್ಟು ನೋಡಿ" ಎಂದೆ. ತಲೆ ಎತ್ತದೆ, "ನೋಡಿದ್ದೇನೆ" ಎಂದರು.

"ಯಾವಾಗ?"

"ಕ್ರಿಸ್‌ಮಸ್ ರಜೆಯಲ್ಲಿ. ಆಗ್ಲೇ ಸುಳಿ ಅಲ್ಲಾಡ್ತಿತ್ತು."

ಅಂದರೆ ಅವಳು ಬಂದು ಕಿಟಕಿ ತೆರೆಯುವ ಮೊದಲೇ.

"ಮತ್ತೆ ಅವಳಿಗೆ ಯಾಕೆ ಹಾಗೆ ಹೇಳಿದ್ರಿ?" ಎಂದು ಕಿರುಚಿದೆ.

"ಮರ ಹೋಯ್ತಲ್ಲ. ಇನ್ನು ಕೋಣೆ ಖಾಲಿ ಇಲ್ಲ, ಬರ್ಬೇಡ ಅಂತ ಹೇಗೆ ಹೇಳ್ಲಿಕ್ಕಾಗ್ತದೆ ಅವಳಿಗೆ?" ಎಂದರು. ಸಲಿಕೆ ಕೈಯಲ್ಲೇ ಇತ್ತು, ದನಿ ಏರಲೂ ಇಲ್ಲ.

ನಿರುಪಮಾ ಇವತ್ತು ಬೆಳಿಗ್ಗೆಯೂ ಫೋನ್ ಮಾಡಿ, ಮರ ಚಿಗುರಿತಾ ಎಂದು ಕೇಳಿದಳು. ಅದನ್ನು ಕೊಂದದ್ದು ನೀನಲ್ಲ ಮಗಳೇ ಎಂದರೆ, ಉಳಿದದ್ದನ್ನೂ ಹೇಳಬೇಕಾಗುತ್ತದೆ.