ಹಳದಿಗೆ ತಿರುಗಿ ಮಾಯವಾದ ಸಾಕ್ಷಿ

ಮಾನ್ಯ ಮುಖ್ಯ ವೈದ್ಯರೇ,

ತಮ್ಮ ಗಾಯಪರೀಕ್ಷೆ ಕಚೇರಿ ಇತ್ತೊ ಎಂಬ ಹೆಣ್ಣುಮಗಳಿಗೆ ‘ಹೊಡೆತದ ಗುರುತಿಲ್ಲ’ ಎಂದು ಎರಡು ಸಲ ಬರೆದುಕೊಟ್ಟಿದೆ. ಸುಳ್ಳು ಬರೆದಿರಿ ಎನ್ನುವುದಿಲ್ಲ. ಕಂಡದ್ದನ್ನೇ ಬರೆದಿರಿ, ತಪ್ಪಿರುವುದು ತಾವು ನೋಡಿದ ದಿನದಲ್ಲಿ.

ನಾನು ಓದಿದವಳಲ್ಲ. ಮೂವತ್ತೊಂದು ವರ್ಷದಿಂದ ಹೆಂಗಸರ ಹಮಾಮಿನ ಉಗಿಸ್ನಾನದಲ್ಲಿ ಮೈ ಉಜ್ಜುತ್ತಿದ್ದೇನೆ. ನಾನು ಹೇಳಿದ್ದನ್ನು ಸೊಸೆ ಬರೆಯುತ್ತಿದ್ದಾಳೆ. ತಾಯಿಗೂ ತೋರಿಸದ ಬೆನ್ನುಗಳನ್ನು ನೋಡಿದವಳು ನಾನು. ಪೆಟ್ಟು ಬಿದ್ದ ದಿನ ಎಷ್ಟೋ ಸಲ ಚರ್ಮ ಏನನ್ನೂ ಹೇಳುವುದಿಲ್ಲ. ಆಳದ ನೆತ್ತರು ಮೇಲೆ ಕಾಣಲು ಎರಡು ಮೂರು ದಿನ ಬೇಕು. ಆಮೇಲೆ ನೀಲಿ, ಹಸಿರು, ಹಳದಿ. ಕೊನೆಗೆ ಏನೂ ಆಗಿಲ್ಲವೆಂಬಂತೆ ನುಣುಪು. ಒಬ್ಬೊಬ್ಬರ ಮೈಗೆ ಒಂದೊಂದು ಲೆಕ್ಕ. ಉಗಿಯಲ್ಲಿ ಕೂತವಳಿಗೆ ತಿಳಿದದ್ದು ತಮ್ಮ ಪುಸ್ತಕಕ್ಕೆ ತಿಳಿಯದೇ?

ಅದೊಂದು ಶುಕ್ರವಾರ. ಊಟದ ಕುಸ್ಕುಸ್ ಗಂಟುಗಟ್ಟಿತೆಂದು ಗಂಡ ಕುಟ್ಟಾಣಿಯ ಕೋಲಿನಿಂದ ಇತ್ತೊಳ ತೊಡೆಗೆ ಬಾರಿಸಿದ. ಅವಳು ಆಗಲೇ ಕುಂಟುತ್ತಾ ತಮ್ಮಲ್ಲಿಗೆ ಬಂದಳು.

“ಪೆಟ್ಟೆಲ್ಲಿದೆಯಮ್ಮಾ? ಕೆಂಪೂ ಆಗಿಲ್ವಲ್ಲ,” ಎಂದರು ತಮ್ಮ ಕಿರಿಯ ವೈದ್ಯರು. ಮರುಪರೀಕ್ಷೆಗೆ ಹದಿನೇಳನೇ ದಿನದ ಚೀಟಿ ಕೊಟ್ಟರು.

ಮೂರನೇ ದಿನ ಹಮಾಮಿಗೆ ನನ್ನ ಬಳಿ ಬಂದಾಗ ಅವಳ ತೊಡೆ ಬದನೇಕಾಯಿ ಬಣ್ಣಕ್ಕೆ ತಿರುಗಿತ್ತು. “ಈಗ ಬಂದಿದೆ ನೋಡು ಚಿಕ್ಕಮ್ಮ. ಈಗ್ಲಾದ್ರೂ ನಂಬ್ತಾರಾ?” ಎಂದು ಕೇಳಿದಳು.

“ಕಣ್ಣಿದ್ರೆ ನಂಬ್ತಾರೆ, ನಡಿ,” ಎಂದು ಕರೆತಂದೆ. ತಮ್ಮ ಕಾವಲಿನವನು ಗೇಟಿನಲ್ಲೇ ತಡೆದ. “ಚೀಟೀಲಿರೋ ದಿನ ಬನ್ನಿ. ಗಾಯ ಎಲ್ಲಿಗೂ ಓಡಿಹೋಗಲ್ಲ.”

ಓಡಿಹೋಯಿತು, ಸ್ವಾಮಿ. ಓಡಿಸಿದವಳು ನಾನೇ. ಅವಳ ನರಳಾಟ ನೋಡಲಾರದೆ ದಿನವೂ ಬಿಸಿನೀರು ಹೊಯ್ದೆ, ಆಲಿವ್ ಎಣ್ಣೆ ಕಾಯಿಸಿ ನೀವಿದೆ. ನನ್ನ ಕೈಗುಣವನ್ನು ಬೀದಿಯೆಲ್ಲ ಹೊಗಳುತ್ತದೆ. ಹದಿನೇಳನೇ ದಿನ ತಾವು ನೋಡಿದ್ದು ಆ ಕೈಗುಣವನ್ನು. ಸಾಕ್ಷಿಯನ್ನು ನನ್ನ ಕೈಯಾರೆ ತೊಳೆದೆನೆಂಬ ಸಂಕಟ ನನ್ನನ್ನು ತಿನ್ನುತ್ತಿದೆ. ತಮ್ಮನ್ನು ಏನಾದರೂ ತಿನ್ನುತ್ತಿದೆಯೇ?

ತಮ್ಮ ಕಾಗದ ತೋರಿಸಿಯೇ ಗಂಡ, ಮನೆ ಬಿಟ್ಟು ಬಂದಿದ್ದ ಅವಳನ್ನು ಮತ್ತೆ ಮನೆಗೆ ಕರೆದೊಯ್ದ. ನಿನ್ನೆ ಅವಳು ಹೊಸ ಪೆಟ್ಟು ತಿಂದು ಮತ್ತೆ ಹಮಾಮಿಗೆ ಬಂದಳು. ಬೆನ್ನಿನ ಮೇಲೆ ಏನೂ ಕಾಣಲಿಲ್ಲ. ಕೈ ಇಟ್ಟೆ, ಉಸಿರು ಹಿಡಿದಳು. “ಉಜ್ಬೇಡ ಚಿಕ್ಕಮ್ಮ,” ಎಂದಳು. ಅವಳೀಗ ನನ್ನ ಮನೆಯಲ್ಲಿದ್ದಾಳೆ. ಈ ಪತ್ರದಲ್ಲಿ ಅವಳ ಹೆಸರು ಮರೆಮಾಡಲೇ ಎಂದು ಕೇಳಿದೆ. “ಹಾಕ್ಸು. ಗುರುತಂತೂ ಉಳಿಯಲ್ಲ, ಹೆಸರಾದ್ರೂ ಉಳೀಲಿ,” ಎಂದಳು.

ಬಂದ ದಿನ ನೋಡಿ, ಮೂರನೇ ದಿನ ನೋಡಿ, ವಾರ ಕಳೆದು ಮತ್ತೆ ನೋಡಿ. ‘ಇಲ್ಲ’ ಎನ್ನುವ ಬದಲು ‘ಇನ್ನೂ ಕಾಣುತ್ತಿಲ್ಲ’ ಎಂದು ಬರೆಯಿರಿ. ಇಂದು ಶನಿವಾರ. ಸೋಮವಾರ ಬೆಳಿಗ್ಗೆ ನಮ್ಮ ಹಮಾಮಿನ ಹೆಂಗಸರೆಲ್ಲ ಇತ್ತೊಳನ್ನು ತಮ್ಮ ಗೇಟಿಗೆ ಕರೆತರುತ್ತೇವೆ. ಅಲ್ಲಿಯವರೆಗೆ ಅವಳ ಬೆನ್ನಿಗೆ ಹನಿ ಬಿಸಿನೀರನ್ನೂ ಸೋಕಿಸುವುದಿಲ್ಲ. ಅವಳು ನೋವು ತಿನ್ನುತ್ತಾ ಕಾಯುತ್ತಾಳೆ. ತಾವು ಗೇಟು ತೆರೆಸಿರಬೇಕು.

ಇಂತಿ,
ನೋವು ನೀವಲಾರದೆ ಕೈಕಟ್ಟಿ ಕೂತಿರುವ,
ಮೈ ಉಜ್ಜುವ ಹ್ನಿಯಾ